ಬೇಡದ ಸದ್ದು

ಪರದೆ ಇಷ್ಟು ಶಾಂತವಾಗಿರುವುದು ಒಳ್ಳೆಯದಲ್ಲ ಎಂದು ಚಂದ್ರಕುಮಾರನಿಗೆ ಬೆಳಿಗ್ಗೆಯಿಂದ ಅನ್ನಿಸುತ್ತಿತ್ತು. ಹಾಗೆ ಅನ್ನಿಸಲು ಕಾರಣವೇನೂ ಇರಲಿಲ್ಲ. ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಸಿಮೆಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಅವನು ಎಂದಿನಂತೆ ಒಂಬತ್ತೂವರೆಗೆ ಬಂದು, ಎಂದಿನಂತೆ ಚಪ್ಪಲಿ ಹೊರಗೆ ಬಿಟ್ಟು, ಸರ್ವರ್ ಇಟ್ಟಿದ್ದ ತಣ್ಣನೆಯ ಕೋಣೆಯ ಗಾಜಿನ ಬಾಗಿಲು ತಳ್ಳಿ ಒಳಗೆ ಕೂತಿದ್ದ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಅರವತ್ತನಾಲ್ಕು ಹಳ್ಳಿಗಳ ಕುಡಿಯುವ ನೀರನ್ನು ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಕಚೇರಿ ಅದು. ಯಾವ ಹಳ್ಳಿಯ ಟ್ಯಾಂಕಿನಲ್ಲಿ ನೀರು ಎಷ್ಟಿದೆ, ಅದಕ್ಕೆ ಕ್ಲೋರಿನ್ ಬೀಳುತ್ತಿದೆಯೇ ಇಲ್ಲವೇ ಎಂಬುದೆಲ್ಲ ಈ ಸರ್ವರಿಗೆ ಬಂದು ಸೇರಬೇಕು. ಬಂದದ್ದನ್ನು ನೋಡುತ್ತ ಕೂರುವುದು ಚಂದ್ರಕುಮಾರನ ಕೆಲಸ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಳ್ಳಿಗೊಂದು ಚುಕ್ಕಿ. ಎಲ್ಲಿಂದಾದರೂ ಕೆಟ್ಟ ಸುದ್ದಿ ಬಂದರೆ ಆ ಚುಕ್ಕಿ ಕೆಂಪಾಗುತ್ತದೆ, ಬಾರದಿದ್ದರೆ ಹಸಿರಾಗಿಯೇ ಇರುತ್ತದೆ. ಇವತ್ತು ಅರವತ್ತನಾಲ್ಕೂ ಹಸಿರು. ಹತ್ತು ದಿನದಿಂದಲೂ ಹಸಿರು. ಇದರಲ್ಲಿ ಹೆದರುವಂಥದ್ದೇನಿದೆ ಎಂದು ತನ್ನನ್ನೇ ಗದರಿಕೊಂಡು ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಹತ್ತು ದಿನದ ಹಿಂದಿನವರೆಗೆ ಆ ಪರದೆ ಸಂತೆಯಾಗಿತ್ತು. ಚುಕ್ಕಿಗಳ ಕೆಳಗಿನ ಅರ್ಧ ಭಾಗದಲ್ಲಿ ಸರ್ವರಿನೊಳಗೆ ನಡೆಯುವ ಪ್ರತಿಯೊಂದು ಕೆಲಸವೂ ಒಂದೊಂದು ಸಾಲಾಗಿ ಮೇಲಕ್ಕೆ ಓಡುತ್ತಿತ್ತು. ಟ್ಯಾಂಕಿಗೆ ಕಟ್ಟಿದ ಯಂತ್ರಗಳು ನಿಮಿಷಕ್ಕೊಮ್ಮೆ ‘ಇದ್ದೇನೆ, ಇದ್ದೇನೆ’ ಎಂದು ಕೂಗುತ್ತಿದ್ದವು. ಸರ್ವರು ತನ್ನ ಪಾಡಿಗೆ ತಾನು ಗುಡಿಸುವುದು, ಒರೆಸುವುದು, ಹಳೆಯದನ್ನು ಮಡಚಿಡುವುದು ಮಾಡಿಕೊಳ್ಳುತ್ತ ಅದನ್ನೂ ಸಾಲು ಸಾಲಾಗಿ ಹೇಳಿಕೊಳ್ಳುತ್ತಿತ್ತು. ಒಬ್ಬ ಮನುಷ್ಯ ಎಲ್ಲೋ ಕೂತು ಬರೆದ ಒಂದು ಸಾಲು ಇಂಥ ಸಾವಿರ ಸಾಲಿನ ನಡುವೆ ಮಿಂಚಿ ಹೋಗಿಬಿಡುತ್ತಿತ್ತು. ಅದನ್ನು ಹಿಡಿಯಲು ಕಣ್ಣು ಪಳಗಬೇಕು. ಚಂದ್ರಕುಮಾರನ ಕಣ್ಣು ಪಳಗಿತ್ತು. ಆದರೆ ಮೇಲಿನವರು ಕಚೇರಿ ನೋಡಲು ಬರುವುದಿತ್ತು. ಅವರು ಬರುವ ಹಿಂದಿನ ದಿನ ಕಚೇರಿಯ ಮುಖ್ಯಸ್ಥ ನಾಗೇಶ್ ಬಾಗಿಲಲ್ಲೇ ನಿಂತು ಪರದೆ ನೋಡಿ ಮುಖ ಸಿಂಡರಿಸಿದ್ದರು. “ಏನ್ರೀ ಇದು, ಇರುವೆ ಹರಿದಂಗೆ? ಬಂದವ್ರು ಏನು ಅನ್ಕಂಡಾರು? ಬೇಡದ ಸದ್ದೆಲ್ಲ ತೆಗೆದಾಕಿ. ಕ್ಲೀನಾಗಿರ್ಬೇಕು.” ಅವನು ಸಂಜೆಯೊಳಗೆ ಫಿಲ್ಟರ್ ಬರೆದು ಕೂರಿಸಿದ. ಸರ್ವರಿನ ಒಳಗಿನ ಕೆಲಸ ಬೇಡ. ಯಂತ್ರಗಳ ‘ಇದ್ದೇನೆ’ ಬೇಡ. ಪ್ರತಿಗಳನ್ನು ತೆಗೆದಿಡುವ ‘ಬ್ಯಾಕಪ್’ ಎಂಬ ಹೆಸರಿನಿಂದ ನಡೆಯುವುದು ಯಾವುದೂ ಬೇಡ. ಕೆಂಪು ಚುಕ್ಕಿ ಏಳಿಸುವ ಏರ್ಪಾಡೂ ಇದೇ ಜರಡಿಯಿಂದ ಇಳಿದದ್ದನ್ನು ಮಾತ್ರ ನೋಡುತ್ತಿತ್ತು. ಬಂದವರು ಮೆಚ್ಚಿಕೊಂಡು ಹೋದರು. ನಾಗೇಶ್ ಅವನ ಬೆನ್ನು ತಟ್ಟಲಿಲ್ಲ, ಕುರ್ಚಿಯ ಬೆನ್ನು ತಟ್ಟಿದರು. “ನಿಮ್ ಕೆಲ್ಸ ನೋಡಿದ್ರೆ ಗೊತ್ತೇ ಆಗಲ್ಲ ಕಣ್ರೀ” ಎಂದರು.

ಏನು ಗೊತ್ತಾಗುವುದಿಲ್ಲ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಪಂಚನಹಳ್ಳಿ ಕಡೆಯ ತೆಂಗಿನ ತೋಟದ ಮನೆಯವರು ನಾಗೇಶ್; ಒಳ್ಳೆಯವರು ಎಂದೇ ಹೆಸರು. ಇವನು ಕೆಲಸಕ್ಕೆ ಸೇರಿದ ತಿಂಗಳೇ ಕಚೇರಿಯ ಸ್ಟೀಲ್ ಲೋಟಗಳು ಹೋಗಿ ಕಾಗದದ ಕಪ್ಪುಗಳು ಬಂದಿದ್ದವು. ಸ್ವಚ್ಛತೆಗೆ ಎಂದಿದ್ದರು. ಸ್ವಚ್ಛತೆಗೇ ಇರಬಹುದು. ಐದು ವರ್ಷದಲ್ಲಿ ಪ್ರತಿ ಸಲ ಆ ಕಪ್ಪು ಹಿಡಿದಾಗಲೂ ಅವನು ಈ ಅನುಮಾನವನ್ನು ಚಹಾದ ಜೊತೆ ನುಂಗಿದ್ದಾನೆ, ಒಮ್ಮೆಯೂ ಅದು ಪೂರ್ತಿ ಇಳಿದದ್ದಿಲ್ಲ. ಚೌಳಹಿರಿಯೂರಿನ ಹತ್ತಿರದ ತನ್ನ ಊರಿನಲ್ಲಿ, ಅವನು ಚಿಕ್ಕವನಿದ್ದಾಗ, ಅವ್ವ ಜವರಮ್ಮ ಕೊಡ ಹಿಡಿದು ಬಾವಿಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ನಿಲ್ಲುತ್ತಿದ್ದಳು. ಹತ್ತಿರ ಹೋಗುವಂತಿಲ್ಲ; ಯಾರಾದರೂ ಸೇದಿ ಹುಯ್ಯಬೇಕು. ಕೂಗಿದರೆ ಸೊಕ್ಕು ಅನ್ನುತ್ತಾರೆಂದು ಅವಳು ಕೆಮ್ಮುತ್ತಿದ್ದಳು. ಒಂದು ಸಲ ಕೆಮ್ಮುವುದು, ಸ್ವಲ್ಪ ತಡೆದು ಇನ್ನೊಂದು ಸಲ. ಕಟ್ಟೆಯ ಮೇಲಿನವರು ಮಗಳ ಬಾಣಂತನದ ಮಾತು, ಎಮ್ಮೆಯ ಮಾತು ಮುಗಿಸಿಕೊಳ್ಳುವವರೆಗೆ ಆ ಕೆಮ್ಮು ಅವರಿಗೆ ಕೇಳಿಸುತ್ತಿರಲಿಲ್ಲ. ಅವರೇನೂ ಕಿವುಡರಲ್ಲ, ಕೇಡಿಗರೂ ಅಲ್ಲ; ಆಮೇಲೆ ಧಾರಾಳವಾಗಿಯೇ ಹುಯ್ಯುತ್ತಿದ್ದರು. ಅವಳ ಸೆರಗು ಹಿಡಿದು ನಿಂತ ಹುಡುಗನಿಗೆ ನಾಚಿಕೆಯಾಗುತ್ತಿದ್ದದ್ದು ಅವರ ಮೇಲಲ್ಲ, ಅವ್ವನ ಕೆಮ್ಮಿನ ಮೇಲೆ. ಇದನ್ನು ಅವನು ಹೆಂಡತಿಗೂ ಹೇಳಿಲ್ಲ.

ಹೆಂಡತಿಯ ಫೋನು ಬಂದದ್ದು ಹತ್ತೂಮುಕ್ಕಾಲಿಗೆ. ಹೇಮಶ್ರೀ ತರೀಕೆರೆಯ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋದವಳು ಕೆಲಸದ ನಡುವೆ ಫೋನು ಮಾಡುವವಳಲ್ಲ.

“ರೀ, ಹೊಂಗೆಕಟ್ಟೆಯಿಂದ ಹನ್ನೊಂದು ಜನ ಬಂದವ್ರೆ. ವಾಂತಿ, ಭೇದಿ. ರಾತ್ರಿಯಿಂದಲೂ ಬತ್ತಾನೇ ಅವ್ರೆ. ಅಜ್ಜಂಪುರದ ಆಚೆ ಹೊಂಗೆಕಟ್ಟೆ, ಅದು ನಿಮ್ ನೀರೇ ಅಲ್ವಾ?”

“ನಮ್ದೇ” ಎಂದ ಅವನು. ಕಣ್ಣು ಪರದೆಯ ಮೇಲೆ ಹೋಯಿತು. ಹೊಂಗೆಕಟ್ಟೆಯ ಚುಕ್ಕಿ ಹಸಿರಾಗಿ, ಪಕ್ಕದ ಚುಕ್ಕಿಗಳಿಗಿಂತ ತುಸು ಹೆಚ್ಚೇ ಹಸಿರಾಗಿ ಕಂಡಿತು.

“ನಿಮಗೇನೂ ಗೊತ್ತಾಗ್ಲಿಲ್ವಾ ಅಲ್ಲಿ?”

“ಇಲ್ಲಿ ಎಲ್ಲ ಸರಿಯಾಗೇ ಇದೆ.”

“ಸರಿಯಾಗೈತೆ ಅಂದ್ರೆ? ಇಲ್ಲಿ ಬೆಡ್ ಸಾಲ್ದೆ ನೆಲದ ಮೇಲೆ ಮಲಗ್ಸಿದೀವಿ ಕಣ್ರೀ. ಒಂದ್ಸಲ ಸರಿಯಾಗಿ ನೋಡಿ.” ಯಾರೋ ಕರೆದರು, ಅವಳು ಫೋನು ಇಟ್ಟಳು.

ಅವನು ನೋಡಲಿಲ್ಲ. ಕೂಡಲೇ ನೋಡಬೇಕಾಗಿತ್ತು, ನೋಡಲಿಲ್ಲ. ಮೊದಲು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದ. ಹಬ್ಬದ ಊಟವಿರಬಹುದು, ಹಳಸಿದ ಪಾಯಸವಿರಬಹುದು, ಜನ ಯಾವುದೋ ಗುಂಡಿಯ ನೀರು ಕುಡಿದಿರಬಹುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ನೀರು ಎಂದದ್ದಕ್ಕೆ ತನ್ನ ಅಂಗೈ ಯಾಕೆ ಬೆವರಬೇಕು? ಆದರೆ ಅಂಗೈ ಬೆವರಿತ್ತು, ಈ ತಣ್ಣನೆಯ ಕೋಣೆಯಲ್ಲಿ. ಹೊಂಗೆಕಟ್ಟೆಯ ಟ್ಯಾಂಕಿನ ಯಂತ್ರ ಹೋದ ಮಳೆಗಾಲದಲ್ಲೇ ಸಿಡಿಲಿಗೆ ಸುಟ್ಟಿತ್ತು ಎಂಬುದು ಆಗ ನೆನಪಾಯಿತು. ಹೊಸದು ಬಂದಿಲ್ಲ. ಅಲ್ಲಿನ ನೀರುಗಂಟಿ ಹಾಲೇಶ್ ದಿನಾ ಬೆಳಿಗ್ಗೆ ಶೀಷೆಯಲ್ಲಿ ನೀರು ಹಿಡಿದು, ಬಣ್ಣ ನೋಡಿ, ಕ್ಲೋರಿನ್ ಎಷ್ಟೆಂದು ತನ್ನ ಮೊಬೈಲಿನಿಂದ ಕೈಯಾರೆ ಬರೆದು ಕಳಿಸುತ್ತಿದ್ದ. ಯಾವ ಹೆಸರಿನಲ್ಲಿ ಕಳಿಸುತ್ತಿದ್ದ ಎಂಬುದು ಅದರ ಹಿಂದೆಯೇ ನೆನಪಾಗಿ ಚಂದ್ರಕುಮಾರ ಎದ್ದು ನಿಂತುಬಿಟ್ಟ.

ಆರು ತಿಂಗಳ ಹಿಂದೆ ಹಾಲೇಶ್ ಫೋನು ಮಾಡಿದ್ದ. “ನನ್ ಹೆಸ್ರು ತಗಳ್ತಾ ಇಲ್ಲ ಚಂದ್ರಣ್ಣ, ಪಾಸ್‌ವರ್ಡ್ ಹಳೇದಾಯ್ತು ಅಂತೈತೆ.” ಹೊಸದನ್ನು ಮೇಲಿನಿಂದ ಬರೆಸಿ ತರಿಸಬೇಕು, ನಾಗೇಶ್ ರುಜು ಹಾಕಬೇಕು, ತಿಂಗಳು ಹಿಡಿಯುತ್ತದೆ. ಈ ಕಚೇರಿಯಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಳಗೆ ಹೋಗುವುದು ಹೊಸದೇನಲ್ಲ. ವರ್ಗವಾಗಿ ಹೋದವರ ಹೆಸರುಗಳಿಂದಲೂ ಇಲ್ಲಿ ಕೆಲಸ ನಡೆಯುತ್ತಿತ್ತು. ‘ಬ್ಯಾಕಪ್’ ಎಂಬ ಹೆಸರಿನ ಪಾಸ್‌ವರ್ಡ್ ಎಂದೂ ಹಳತಾಗುವುದಿಲ್ಲ. “ಸದ್ಯಕ್ಕೆ ಇದನ್ನ ಬಳಸ್ಕಳಿ, ಯಾರ್ಗೂ ಹೇಳ್ಬೇಡಿ” ಎಂದು ಚಂದ್ರಕುಮಾರನೇ ಕೊಟ್ಟಿದ್ದ. ಉಪಕಾರ ಮಾಡಿದ ಸುಖದಲ್ಲಿ ಕೊಟ್ಟಿದ್ದ. ಸದ್ಯಕ್ಕೆ ಎಂದದ್ದು ಆರು ತಿಂಗಳಾಯಿತು. ಅದಾದ ಮೇಲೆ ಹಾಲೇಶ್ ಪ್ರತಿ ಸಣ್ಣದಕ್ಕೂ ಫೋನು ಮಾಡತೊಡಗಿದ. ಒಂದು ದಿನ ನಾಗೇಶ್ ಎದುರಿಗೆ ಕೂತಿದ್ದಾಗ ಮೊಬೈಲು ಮೂರು ಸಲ ಬಡಿದುಕೊಂಡಿತು. ನಾಗೇಶ್ ಹುಬ್ಬೇರಿಸಿದರು. ಚಂದ್ರಕುಮಾರ ಎತ್ತಿಕೊಂಡು, ಅವರಿಗೆ ಕೇಳಿಸಲೆಂದೇ ಗಟ್ಟಿಯಾಗಿ, “ಫೋನ್ ಮಾಡ್ಬೇಡಿ ಅಂದ್ರೆ ಮಾಡ್ಬೇಡಿ! ಬರೀರಿ. ಬರೆದ್ರೆ ನಾನು ನೋಡ್ತೀನಿ” ಎಂದು ಗದರಿಸಿದ. ಗದರಿಸುವಾಗ ಒಳಗೆ ಹಿತವಾಗಿತ್ತು. ಗದರಿಸಬಹುದಾದವನೊಬ್ಬ ತನಗೂ ಇದ್ದಾನೆ ಎಂಬ ಆ ಹಿತವನ್ನು ಅವನು ಆಗಲೇ ಗುರುತಿಸಿದ್ದ, ಗುರುತಿಸಿ ಸುಮ್ಮನಾಗಿದ್ದ.

ಕೂತು ಫಿಲ್ಟರ್ ತೆಗೆದ. ಪರದೆ ಒಮ್ಮೆಲೇ ತುಂಬಿ ಹರಿಯಿತು. ಅದರಲ್ಲಿ ‘ಬ್ಯಾಕಪ್’ ಎಂಬ ಹೆಸರನ್ನಷ್ಟೇ ಹಿಡಿದು, ಹೊಂಗೆಕಟ್ಟೆಯನ್ನಷ್ಟೇ ಹಿಡಿದು, ಹತ್ತು ದಿನ ಹಿಂದಕ್ಕೆ ಹೋದ. ಒಂಬತ್ತು ಸಾಲುಗಳಿದ್ದವು. ಒಂಬತ್ತರಲ್ಲೂ ಕ್ಲೋರಿನ್ ಸೊನ್ನೆ. ಪಕ್ಕದಲ್ಲಿ ಷರಾ ಬರೆಯಲು ಇದ್ದ ಜಾಗದಲ್ಲಿ ಹಾಲೇಶ್ ತನ್ನ ಭಾಷೆಯಲ್ಲೇ ಬರೆದಿದ್ದ. ಮೊದಲ ದಿನ: ‘ಪಂಪು ಔಷ್ದಿ ಎಳೀತಿಲ್ಲ.’ ಎರಡನೆಯ ದಿನವೂ ಅದೇ. ಮೂರನೆಯ ದಿನ: ‘ಚಂದ್ರಣ್ಣ ನೋಡಿ.’ ಐದನೆಯ ದಿನ: ‘ನೀರು ವಾಸ್ನೆ ಐತೆ. ಜನ ಕೇಳ್ತಾವ್ರೆ, ಆಫೀಸ್ನೋರು ನೋಡ್ತಾವ್ರೆ ಅಂದಿದೀನಿ.’ ಏಳನೆಯ ದಿನ: ‘ಫೋನ್ ಮಾಡ್ಲಾ.’ ಎಂಟನೆಯ ದಿನ ಬರೀ ಸೊನ್ನೆ. ಒಂಬತ್ತನೆಯದು ನಿನ್ನೆಯದು: ‘ಮಗಳು ಮಾನಸಂಗೆ ಹುಷಾರಿಲ್ಲ. ರೀಡಿಂಗ್ ಲೇಟಾಯ್ತು, ಬೇಜಾರ್ ಮಾಡ್ಕಬೇಡಿ.’

ಆ ಕೊನೆಯ ಸಾಲನ್ನು ಅವನು ಎಷ್ಟು ಸಲ ಓದಿದನೋ. ಯಂತ್ರದ ಗುಂಯ್ ಎಂಬ ಸದ್ದು ಕೋಣೆಯದೋ ತನ್ನ ಕಿವಿಯೊಳಗಿನದೋ ತಿಳಿಯದಾಯಿತು. ಹಾಲೇಶನನ್ನು ಅವನು ನೋಡಿದ್ದು ಒಂದೇ ಸಲ, ಅಜ್ಜಂಪುರದಲ್ಲಿ ನೀರುಗಂಟಿಗಳಿಗೆ ಮೊಬೈಲಿನಲ್ಲಿ ಬರೆಯುವುದನ್ನು ಕಲಿಸಿದ ದಿನ. ಮೂವತ್ತು ಜನರಲ್ಲಿ ಅವನೊಬ್ಬ ಮಾತ್ರ ನೋಟ್‌ಬುಕ್ ತಂದಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ತಾನಾಗಿ ಬಂದು ಚಂದ್ರಕುಮಾರನ ಪಕ್ಕ ಕೂತ. ಮೈಕೈ ತಾಗುವಷ್ಟು ಹತ್ತಿರ ಕೂತು, ಕೇಳದೆಯೇ ತನ್ನ ಎಲೆಯ ಹಪ್ಪಳ ಮುರಿದು ಅರ್ಧ ಇವನ ಎಲೆಗೆ ಹಾಕಿ, “ತಿನ್ನಣ್ಣ, ನಂಗೆ ಹಲ್ಲು ನೋವು” ಎಂದ. ಅದೇನು ಮಹಾ ಸಂಗತಿ? ಆದರೂ ಆ ಅರ್ಧ ಹಪ್ಪಳ ತಿನ್ನುವಾಗ ನೀರು ಕುಡಿಯುವ ನೆಪದಲ್ಲಿ ಮುಖ ತಿರುಗಿಸಿಕೊಳ್ಳಬೇಕಾಗಿ ಬಂದಿತ್ತು.

“ಹೊಂಗೆಕಟ್ಟೆ ವಿಷ್ಯ ಗೊತ್ತಾಯ್ತಾ?” ನಾಗೇಶ್ ಒಳಗೆ ಬಂದದ್ದು ಅವನಿಗೆ ತಿಳಿಯಲೇ ಇಲ್ಲ. ಅವರು ಪರದೆ ನೋಡಿದರು. ಒಂಬತ್ತು ಸಾಲನ್ನೂ, ತುಟಿ ಅಲ್ಲಾಡಿಸುತ್ತ, ಓದಿದರು. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಿರುಗಿ ನೋಡಿದರು.

“ಇದು ಯಾಕ್ ಬರ್ಲಿಲ್ಲ?”

“ಫಿಲ್ಟರ್ ಹಾಕಿದ್ವಲ್ಲ ಸಾರ್. ‘ಬ್ಯಾಕಪ್’ನ ಮುಚ್ಚಿದ್ವಿ. ಹಾಲೇಶ್ ಅದೇ ಹೆಸ್ರಲ್ಲಿ ಬರೀತಿದ್ರು.”

“ಹಾಕಿದ್ವಿ ಅನ್ಬೇಡಿ. ಹಾಕಿದ್ದು ಯಾರು?”

“ನೀವೇ ಹೇಳಿದ್ರಿ ಸಾರ್, ಬೇಡದ ಸದ್ದು ತೆಗೀರಿ ಅಂತ.”

“ಸದ್ದು ತೆಗೀರಿ ಅಂದೆ. ಮನುಷ್ಯರನ್ನ ತೆಗೀರಿ ಅಂದ್ನಾ?” ನಾಗೇಶರ ದನಿ ಏರಲಿಲ್ಲ, ಇನ್ನಷ್ಟು ಇಳಿಯಿತು. “ಆ ಪಾಸ್‌ವರ್ಡು ಅವ್ನಿಗೆ ಕೊಟ್ಟಿದ್ಯಾರು ಅಂತ ನಾನು ಕೇಳಿಲ್ಲ. ಕೇಳೋದೂ ಇಲ್ಲ. ಮೂರು ಗಂಟೆಗೆ ಜಿಲ್ಲೆಯಿಂದ ವಿಚಾರಣೆಗೆ ಬತ್ತಾವ್ರೆ. ನೋಡ್ರೀ ಚಂದ್ರು, ಬರೋ ತಿಂಗ್ಳು ನಿಮ್ ಕಾಂಟ್ರ್ಯಾಕ್ಟ್ ಮುಗೀತದೆ, ಕಾಗ್ದ ನನ್ ಟೇಬಲ್ ಮೇಲೈತೆ. ನಿಮ್ ಮೇಲೆ ಬಂದ್ರೆ ಬರೀ ನಿಮ್ ಮೇಲೆ ಬರಲ್ಲ. ಇಂಥೋರನ್ನ ಕೂರ್ಸಿದ್ದಕ್ಕೇ ಹಿಂಗಾಯ್ತು ಅಂತಾರೆ. ಅಂಥ ಮಾತು ನಂಗೂ ಕೇಳಕಾಗಲ್ಲ.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ ಅವರದು. ಬಾಗಿಲಿನ ಹತ್ತಿರ ಹೋಗಿ ನಿಂತು, ಪರದೆಯ ಕಡೆ ಗದ್ದ ತೋರಿಸಿದರು. “ಮತ್ತೆ ಹಾಕ್ಬಿಡಿ ಅದನ್ನ.”

ಅವನು ಹಾಕಿದ. ಯೋಚಿಸಿ ಹಾಕಿದನೇ ಎಂದರೆ, ಯೋಚಿಸುತ್ತಲೇ ಇದ್ದ. ಕೈ ಬೇರೆ ಕೆಲಸ ಮಾಡಿತು. ಪರದೆ ಶಾಂತವಾಯಿತು. ಏನನ್ನೂ ಅಳಿಸಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡ. ಒಂಬತ್ತು ಸಾಲೂ ಒಳಗೆ ಭದ್ರವಾಗಿವೆ, ಯಾವತ್ತು ಬೇಕಾದರೂ ತೆಗೆದು ತೋರಿಸಬಹುದು. ಯಾವತ್ತು ಬೇಕಾದರೂ ಎಂಬ ಮಾತು ತನಗೇ ಹೇಸಿಗೆಯೆನಿಸಿ ಎದ್ದು ಹೊರಗೆ ಬಂದ. ಬಿಸಿಲು ನೆತ್ತಿ ಸುಡುತ್ತಿತ್ತು. ಕೊಬ್ಬರಿ ಮೂಟೆ ಹೇರಿದ ಲಾರಿಯೊಂದು ರಸ್ತೆಗಡ್ಡ ನಿಂತು, ಹಿಂದಿನ ಬೈಕುಗಳೆಲ್ಲ ಹಾರನ್ ಬಾರಿಸುತ್ತಿದ್ದವು; ಲಾರಿಯವನು ನಿಶ್ಚಿಂತೆಯಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಚಹಾದ ಅಂಗಡಿಯಲ್ಲಿ ಕೇಳದೆಯೇ ಗಾಜಿನ ಲೋಟದ ತುಂಬ ನೀರು ಇಟ್ಟರು. ಅವನು ಅದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟ. ಮಾನಸಳಿಗೆ ಎಷ್ಟು ವರ್ಷವಿರಬಹುದು? ಆ ಹನ್ನೊಂದು ಜನರಲ್ಲಿ ಅವಳೂ ಇದ್ದಾಳೆಯೇ? ಹೇಮಶ್ರೀಗೆ ಫೋನು ಮಾಡಿ ಕೇಳಬಹುದು. ಕೇಳಿದರೆ, ಆ ಹೆಸರು ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳುತ್ತಾಳೆ. ಸುಳ್ಳು ಹೇಳಲು ಶುರುಮಾಡುವ ಮೊದಲೇ ಅದಕ್ಕೆ ಬೇಲಿ ಹಾಕುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು. ಎರಡು ಗಂಟೆಗೆ ಅವಳದೇ ಮೆಸೇಜು ಬಂತು: ‘ಒಬ್ರು ಹೋದ್ರು. ದೊಡ್ಡಬೀರಪ್ಪ ಅಂತ, ಎಪ್ಪತ್ತರ ಮೇಲೆ ವಯಸ್ಸು. ಮಕ್ಕಳು ಪರವಾಗಿಲ್ಲ, ಒಂದು ಹುಡುಗಿ ಮಾತ್ರ ಕಷ್ಟ. ನೀವು ನೋಡಿದ್ರಾ?’ ಅವನು ‘ನೋಡ್ತಾ ಇದೀನಿ’ ಎಂದು ಬರೆದು ಕಳಿಸಿದ.

ಹೇಳಿಬಿಡುತ್ತೇನೆ ಎಂದು ಮೂರು ಗಂಟೆಗೆ ಹತ್ತು ನಿಮಿಷವಿದ್ದಾಗ ಅವನು ನಿಶ್ಚಯಿಸಿದ. ಹಾಲೇಶ್ ತನ್ನ ಕೆಲಸ ತಪ್ಪದೆ ಮಾಡಿದ್ದಾನೆ, ಮುಚ್ಚಿದ್ದು ನಾನು, ಎರಡೇ ವಾಕ್ಯ. ಕನ್ನಡಿಯಿಲ್ಲದ ಬಚ್ಚಲಿನಲ್ಲಿ ನಿಂತು ಎರಡು ಸಲ ಪಿಸುಗುಟ್ಟಿ ನೋಡಿದ. ಎರಡನೆಯ ಸಲ ದನಿ ಗಟ್ಟಿಯಾಗಿಯೇ ಬಂತು, ಮೈ ಹಗುರಾಯಿತು. ಅದೇ ಹಗುರದಲ್ಲಿ ನಾಗೇಶರ ಕೋಣೆಗೆ ಹೋದ. ವಿಚಾರಣೆಗೆ ಬಂದ ಅಧಿಕಾರಿ ತಲೆ ನರೆತ, ದಣಿದ ಮನುಷ್ಯ. ಬೆಳಿಗ್ಗೆಯಿಂದ ಊಟ ಮಾಡಿದಂತಿರಲಿಲ್ಲ. ಎದುರಿಗೆ ಹೊಂಗೆಕಟ್ಟೆಯ ವರದಿಯ ಮುದ್ರಿತ ಹಾಳೆಯಿತ್ತು. ನಾಗೇಶ್ ತೆಗೆಸಿದ್ದು, ಫಿಲ್ಟರ್ ಹಾಕಿದ ಮೇಲೆ ತೆಗೆಸಿದ್ದು. ಒಂಬತ್ತು ದಿನ ಖಾಲಿ. ನಾಗೇಶ್ ತಮ್ಮ ಮೊಬೈಲಿನಿಂದ ಹಾಲೇಶನಿಗೆ ಕರೆ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ, ಮೇಜಿನ ಮೇಲೆ ಚಂದ್ರಕುಮಾರನ ಮುಂದೆಯೇ ಇಟ್ಟರು. ಕೋಣೆಯಲ್ಲಿ ಇನ್ನೊಂದು ಕುರ್ಚಿಯಿತ್ತು. ಕೂರಿ ಎಂದು ಯಾರೂ ಹೇಳದ್ದರಿಂದ ಅವನು ನಿಂತೇ ಇದ್ದ.

ಫೋನಿನಿಂದ ಮೊದಲು ಬಂದದ್ದು ಆಸ್ಪತ್ರೆಯ ಗದ್ದಲ. ಮಗುವೊಂದು ಅಳುತ್ತಿತ್ತು, ಯಾರೋ ಓಕರಿಸುತ್ತಿದ್ದರು, ತಗಡಿನ ತಟ್ಟೆಯೊಂದು ಬಿತ್ತು. ಆಮೇಲೆ ಹಾಲೇಶನ ದನಿ. “ಹೇಳಿ ಸಾರ್. ಮಗಳನ್ನ ಎತ್ಕಂಡಿದೀನಿ, ಸ್ಪೀಕರ್‌ಗೆ ಹಾಕ್ಕಂಡಿದೀನಿ, ಜೋರಾಗಿ ಹೇಳಿ.”

“ಒಂಬತ್ತು ದಿನದಿಂದ ರೀಡಿಂಗ್ ಯಾಕ್ರೀ ಕಳಿಸ್ಲಿಲ್ಲ?” ಎಂದರು ಅಧಿಕಾರಿ.

“ಕಳಿಸಿದೀನಿ ಸಾರ್. ದಿನಾ ಕಳಿಸಿದೀನಿ. ಔಷ್ದಿ ಬೀಳ್ತಿಲ್ಲ ಅಂತ್ಲೂ ಬರ್ದಿದೀನಿ. ಚಂದ್ರಣ್ಣಂಗೆ ಗೊತ್ತು ಸಾರ್, ಆಫೀಸಲ್ಲಿ ಚಂದ್ರಣ್ಣ ಅಂತ ಅವ್ರೆ, ಕೇಳಿ.”

ಅಧಿಕಾರಿ ತಲೆಯೆತ್ತಿದರು. ನಾಗೇಶ್ ಹಾಳೆಯ ಅಂಚನ್ನು ಉಗುರಿನಿಂದ ಸವರುತ್ತ ಕೂತರು. ಎರಡು ವಾಕ್ಯಗಳು ಚಂದ್ರಕುಮಾರನ ಬಾಯಲ್ಲಿ ಸಿದ್ಧವಾಗಿದ್ದವು. ಇಂಥೋರನ್ನ ಕೂರ್ಸಿದ್ದಕ್ಕೇ ಎಂಬ ಮಾತನ್ನು ಈ ದಣಿದ ಮನುಷ್ಯ ಹೊರಗೆ ಜೀಪಿನಲ್ಲಿ ಕೂತು ಹೇಳುವುದು ಅವನಿಗೆ ಕೇಳಿಸಿತು. ಅಂಗಡಿಯವನು, ಬೀದಿಯವರು, ಊರಿನ ಬಾವಿಕಟ್ಟೆಯವರು ಹೇಳುವುದೂ ಕೇಳಿಸಿತು. ಸುಳ್ಳನ್ನಂತೂ ಹೇಳಬಾರದು. ಅಷ್ಟರಲ್ಲಿ ಬಾಯಿಗೆ ಬೇರೊಂದು ವಾಕ್ಯ ಬಂದಿತ್ತು, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

“ಪರದೆ ಮೇಲೆ ಬಂದಿಲ್ಲ ಸಾರ್” ಎಂದ.

ಆ ಕಡೆ ಮಗುವಿನ ಅಳು ಜೋರಾಯಿತು.

“ಚಂದ್ರಣ್ಣ ನೀವಾ? ಬಂದಿಲ್ವಾ ಅಣ್ಣ? ಒಂದ್ ದಿನದ್ದೂ ಬಂದಿಲ್ವಾ?” ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚಂದ್ರಕುಮಾರ ಬದುಕಿಕೊಳ್ಳುತ್ತಿದ್ದ. “ಹಂಗಾದ್ರೆ ನಾನೇ ಎಲ್ಲೋ ತಪ್ಪು ಒತ್ತಿದೀನಿ ಸಾರ್. ಚಂದ್ರಣ್ಣ ಸುಳ್ಳೇಳೋರಲ್ಲ. ದೊಡ್ಡಬೀರಪ್ಪಜ್ಜನ್ನ ನಾನೇ ತಿಂದೆ ಹಂಗಾದ್ರೆ… ಅಯ್ಯೋ, ಒಂದ್ ಫೋನ್ ಮಾಡ್ಬೇಕಾಗಿತ್ತು ನಾನು. ತಪ್ಪಾಯ್ತು ಬರ್ಕಳಿ ಸಾರ್, ತಪ್ಪಾಯ್ತು.”

ಅಧಿಕಾರಿ ಬರೆದುಕೊಳ್ಳತೊಡಗಿದರು. ಪೆನ್ನು ಕಾಗದದ ಮೇಲೆ ಕೊರೆಯುತ್ತಿತ್ತು. ಫೋನಿನೊಳಗೆ, ಹಾಲೇಶನಿಗಿಂತ ಸ್ವಲ್ಪ ದೂರದಲ್ಲಿ, ಹೆಂಗಸೊಬ್ಬಳ ದನಿ ಕೇಳಿತು. ತುಂಬ ಪರಿಚಯದ ದನಿ. “ಹಾಲೇಶಣ್ಣ, ಈಗ ಮಾತಾಡಿದ್ದು ಯಾರು? ಪರದೆ ಮೇಲೆ ಬಂದಿಲ್ಲ ಅಂದ್ರಲ್ಲ, ಅವ್ರು? ಕೊಡಿ ಇಲ್ಲಿ ಫೋನು.” ಮತ್ತೆ ಹತ್ತಿರದಿಂದ, ಉಸಿರು ಕೇಳುವಷ್ಟು ಹತ್ತಿರದಿಂದ: “ರೀ? ರೀ, ಈ ಮಗೂನ ಅಪ್ಪ ದಿನಾ ಬರ್ದಿದೀನಿ ಅಂತ ಬೆಳಿಗ್ಗೆಯಿಂದ ಹೇಳ್ತಾ ಅವ್ರೆ. ನೀವು ನೋಡ್ತಾ ಇದೀನಿ ಅಂದ್ರಲ್ಲ…”

ಅಧಿಕಾರಿ ಬರೆಯುವುದನ್ನು ನಿಲ್ಲಿಸಲಿಲ್ಲ. “ಹಿಂದ್ಗಡೆ ಗಲಾಟೆ ಜಾಸ್ತಿ ಆಯ್ತು” ಎಂದರು, ತಲೆಯೆತ್ತದೆ. “ಅದನ್ನ ಸ್ವಲ್ಪ ನಿಲ್ಸಿ.”

ಫೋನು ಚಂದ್ರಕುಮಾರನಿಗೇ ಹತ್ತಿರವಿತ್ತು. ಅವನು ಬಗ್ಗಿ, ಹೇಮಶ್ರೀ ಇನ್ನೂ ಮಾತಾಡುತ್ತಿರುವಾಗಲೇ, ಕರೆಯನ್ನು ಮುಗಿಸಿದ.